ಕಪ್ಪು ಕಾಯಿ ಸಿಕ್ಕ ದಿನ ಗೆಲ್ಲಲು ಆಡುವುದು ಹೇಗೆ: ಬೆಂಗಳೂರಿನ ವೀಕೆಂಡ್ ಚೆಸ್ ಟೂರ್ನಿ ಆಟಗಾರರಿಗೆ

ಒಂಬತ್ತು ಸುತ್ತಿನ ಸ್ವಿಸ್ ಟೂರ್ನಿಯಲ್ಲಿ (ಪ್ರತಿ ಸುತ್ತಿನಲ್ಲೂ ಹತ್ತಿರದ ಅಂಕದವರನ್ನು ಎದುರುಬದುರು ಆಡಿಸುವ ಪದ್ಧತಿ) ಪ್ರತಿಯೊಬ್ಬರಿಗೂ ಸಾಮಾನ್ಯವಾಗಿ ನಾಲ್ಕೋ ಐದೋ ಸಲ ಕಪ್ಪು ಬರುತ್ತದೆ. ಒಂದೇ ಬಣ್ಣ ಸತತ ಮೂರು ಸಲ ಬರದ ಹಾಗೆ ಪೇರಿಂಗ್ (ಯಾರಿಗೆ ಯಾರು ಎದುರಾಳಿ ಎಂಬ ಜೋಡಣೆ) ಮಾಡಬೇಕೆಂಬುದು ನಿಯಮ, ಕೊನೆಯ ಸುತ್ತಿನಲ್ಲಿ ಮುಂಚೂಣಿಯಲ್ಲಿರುವವರಿಗೆ ಮಾತ್ರ ಅದು ಸಡಿಲ. ಹಾಗಾಗಿ 'ಬಿಳಿಯಲ್ಲಿ ಗೆಲ್ಲೋಣ, ಕಪ್ಪಿನಲ್ಲಿ ಡ್ರಾ ಸಾಕು' ಎಂದುಕೊಂಡು ಹೋದವರು ಬಿಳಿಯ ಐದನ್ನೂ ಗೆದ್ದರೂ ಏಳು ಅಂಕಕ್ಕೆ ನಿಲ್ಲುತ್ತಾರೆ. ಏಳು ಅಂಕಕ್ಕೆ ಬಹುಮಾನ ಸಿಗುವ ಓಪನ್ ಟೂರ್ನಿಗಳಿವೆ, ನಿಜ. ಆದರೆ ಐದಕ್ಕೆ ಐದು ಗೆಲ್ಲುವವರು ಎಷ್ಟು ಜನ?

ಇನ್ನೊಂದು ಲೆಕ್ಕವನ್ನೂ ನೋಡಿ. ಫಿಡೆ (ವಿಶ್ವ ಚೆಸ್ ಸಂಸ್ಥೆ) ರೇಟಿಂಗ್ ಸೂತ್ರಕ್ಕೆ ಬಣ್ಣ ಗೊತ್ತಿಲ್ಲ. ಸಮಾನ ರೇಟಿಂಗಿನವರನ್ನು ಸೋಲಿಸಿದರೆ, ನಿಮ್ಮ ಕೆ (ರೇಟಿಂಗ್ ಎಷ್ಟು ಏರಿಳಿಯಬೇಕೆಂದು ಹೇಳುವ ಗುಣಕ) 20 ಆಗಿದ್ದಲ್ಲಿ, ಬಿಳಿಗೂ 10 ಪಾಯಿಂಟ್, ಕಪ್ಪಿಗೂ 10 ಪಾಯಿಂಟ್. ಡ್ರಾ ಆದರೆ ಎರಡಕ್ಕೂ ಸೊನ್ನೆ. ಕೆಲವು ಟೂರ್ನಿಗಳಲ್ಲಿ ಅಂಕ ಸಮವಾದಾಗ ನೋಡುವ ಟೈಬ್ರೇಕ್‌ನಲ್ಲಂತೂ ಹೆಚ್ಚು ಆಟ ಕಪ್ಪಿನಲ್ಲಿ ಆಡಿದವರಿಗೇ ಮೇಲುಗೈ.

ಈ ಲೇಖನ ಸುಮಾರು 1200ರಿಂದ 1800ರ ಮಟ್ಟದಲ್ಲಿ ಆಡುವವರಿಗೆ. ವಾರವಿಡೀ ಆಫೀಸು ಅಥವಾ ಪಿಯು ಕ್ಲಾಸು, ಶನಿವಾರ ಭಾನುವಾರ ಟೂರ್ನಿ, ದಿನಕ್ಕೆ ಒಂದು ಗಂಟೆ ಅಭ್ಯಾಸ ಸಿಕ್ಕರೆ ಪುಣ್ಯ ಅನ್ನುವಂಥವರಿಗೆ.

ಮೊದಲ ಹೆಜ್ಜೆ: ಒಂದೇ ಅಡಿಪಾಯದ ಓಪನಿಂಗ್

ಗ್ರ್ಯಾಂಡ್‌ಮಾಸ್ಟರ್‌ಗಳು ಆಡುತ್ತಾರೆಂದು ಸಿಸಿಲಿಯನ್ ನೈಡಾರ್ಫ್, ಕಿಂಗ್ಸ್ ಇಂಡಿಯನ್ ಹಿಡಿದುಕೊಳ್ಳುವವರು ಬಹಳ. ಅವು ಒಳ್ಳೆಯ ಓಪನಿಂಗ್‌ಗಳೇ. ಆದರೆ ಹದಿನೈದನೇ ನಡೆಯವರೆಗೆ ಬಾಯಿಪಾಠ ಇಲ್ಲದಿದ್ದರೆ ಅಲ್ಲಿ ತಪ್ಪಿಗೆ ಕ್ಷಮೆಯಿಲ್ಲ. ದಿನಕ್ಕೊಂದು ಗಂಟೆ ಇರುವವರಿಗೆ ನಮ್ಮ ಸಲಹೆ: ಬಿಳಿ ಏನೇ ಆಡಲಿ, ಸಿ6 ಮತ್ತು ಡಿ5. (ಇಲ್ಲಿ ಒಂಟೆ ಎಂದರೆ ಬಿಷಪ್, ಆನೆ ಎಂದರೆ ರೂಕ್. ಚೌಕದ ಹೆಸರು ಮಾತ್ರ ಇದ್ದರೆ ಪಾನ್ ನಡೆ, × ಎಂದರೆ ಹೊಡೆತ, 4... ಎಂದರೆ ಕಪ್ಪಿನ ನಾಲ್ಕನೇ ನಡೆ, ಕುದುರೆ-ಜಿಎಫ್3 ಎಂದರೆ ಜಿ ಸಾಲಿನ ಕುದುರೆ ಎಫ್3ಕ್ಕೆ.) ಇ4ಕ್ಕೆ ಕಾರೋ-ಕಾನ್, ಡಿ4ಕ್ಕೆ ಸ್ಲಾವ್. 1.ಸಿ4 ಬಂದರೆ ಸಿ6, 1.ಕುದುರೆ-ಎಫ್3 ಬಂದರೆ ಡಿ5. ಪಾನ್‌ಗಳ ರಚನೆ ಒಂದಕ್ಕೊಂದು ಹೋಲುವುದರಿಂದ ಒಂದರಲ್ಲಿ ಕಲಿತ ಉಪಾಯ ಇನ್ನೊಂದರಲ್ಲಿ ಕೆಲಸಕ್ಕೆ ಬರುತ್ತದೆ.

ಕಾರೋ-ಕಾನ್‌ನಲ್ಲಿ 1.ಇ4 ಸಿ6 2.ಡಿ4 ಡಿ5 ಆದಮೇಲೆ ಈ ಮಟ್ಟದಲ್ಲಿ ನಿಮಗೆ ಮುಖ್ಯವಾಗಿ ಎದುರಾಗುವವು ಮೂರು.

ಮೊದಲನೆಯದು ಅಡ್ವಾನ್ಸ್, 3.ಇ5. ಒಂಟೆಯನ್ನು ಎಫ್5ಕ್ಕೆ ತನ್ನಿ, ಆಮೇಲೆ ಇ6. ಈ ಕ್ರಮ ತಪ್ಪಿದರೆ ಬಿಳಿ ಚೌಕದ ಒಂಟೆ ಒಳಗೇ ಸಿಕ್ಕಿಬೀಳುತ್ತದೆ, ಅಷ್ಟು ಎಲ್ಲರಿಗೂ ಗೊತ್ತು. ಗೊತ್ತಿರಬೇಕಾದ ಇನ್ನೊಂದು 4.ಎಚ್4. ಚುರುಕಾದ ಮಕ್ಕಳು ಇದನ್ನು ಬಲು ಇಷ್ಟಪಟ್ಟು ಆಡುತ್ತಾರೆ. ಅಭ್ಯಾಸಬಲದಲ್ಲಿ 4...ಇ6 ಇಟ್ಟಿರೋ, 5.ಜಿ4 ಒಂಟೆ-ಇ4 6.ಎಫ್3 ಒಂಟೆ-ಜಿ6 7.ಎಚ್5, ಒಂಟೆ ಹೋಯಿತು. ಹಿಂದೆ ಎಚ್7ರಲ್ಲಿ ನಿಮ್ಮದೇ ಪಾನ್, ಮುಂದೆ ಬಿಳಿಯ ಪಾನ್‌ಗಳು, ಓಡಲು ಜಾಗವಿಲ್ಲ. 4.ಎಚ್4 ಕಂಡ ಕೂಡಲೇ 4...ಎಚ್5 ಆಡಿ. ಜಿ4 ಸುಲಭವಾಗಿ ಬರುವುದಿಲ್ಲ.

ಎರಡನೆಯದು 3.ಕುದುರೆ-ಸಿ3 ಡಿ×ಇ4 4.ಕುದುರೆ×ಇ4. ಇಲ್ಲಿ 4...ಒಂಟೆ-ಎಫ್5 ಆಡಬಹುದು, 4...ಕುದುರೆ-ಡಿ7 ಕೂಡ ಆಡಬಹುದು. ಕುದುರೆ-ಡಿ7 ಆಡುವವರು 5.ರಾಣಿ-ಇ2 ನೆನಪಿಡಬೇಕು. ಆಗ ಯೋಚಿಸದೆ ಜಿ8ರ ಕುದುರೆಯನ್ನು ಎಫ್6ಕ್ಕೆ ತಂದರೆ 6.ಕುದುರೆ-ಡಿ6 ಚೆಕ್‌ಮೇಟ್. ಇ7 ಪಾನ್ ರಾಣಿಯ ಎದುರು ಪಿನ್ ಆಗಿರುವುದರಿಂದ (ಕದಲಿದರೆ ನಿಮ್ಮ ರಾಜನಿಗೇ ಚೆಕ್) ಕುದುರೆಯನ್ನು ಹೊಡೆಯಲಾಗದು. ಆರೇ ನಡೆಗೆ ಆಟ ಮುಗಿದು ಹೊರಗೆ ಬಂದರೆ ಮಿಕ್ಕ ಎರಡು ಗಂಟೆ ಕ್ಯಾಂಟೀನಿನಲ್ಲಿ ಕಾಫಿ ಕುಡಿಯಬೇಕಾಗುತ್ತದೆ, ಅಷ್ಟೇ.

ಇದಕ್ಕೆ ಅಂಟಿಕೊಂಡೇ ಇನ್ನೊಂದು ಎಚ್ಚರಿಕೆ. ಬಿಳಿ ಡಿ4 ಆಡದೆ 2.ಕುದುರೆ-ಎಫ್3 ಡಿ5 3.ಕುದುರೆ-ಸಿ3 ಎಂದು ಬಂದರೆ, ಇ4ರಲ್ಲಿ ಪಾನ್ ಹೊಡೆದು ಒಂಟೆ-ಎಫ್5 ಆಡುವ ಅದೇ ಹಾದಿ ಇಲ್ಲಿ ಕಷ್ಟಕ್ಕೆ ತರುತ್ತದೆ. ಒಂಟೆ ಜಿ6ಕ್ಕೆ ಸರಿದಾಗ ಎಚ್4, ಆಮೇಲೆ ಕುದುರೆ-ಇ5, ರಾಣಿ-ಎಚ್5 ಸಾಲಾಗಿ ಬಂದು ನಿಮ್ಮ ರಾಜನ ಪಕ್ಕ ಸಡಿಲವಾಗುತ್ತದೆ. ಇಲ್ಲಿ 3...ಒಂಟೆ-ಜಿ4 ಆಡಿ.

ಮೂರನೆಯದು ಎಕ್ಸ್‌ಚೇಂಜ್, 3.ಇ×ಡಿ5 ಸಿ×ಡಿ5. ಇದನ್ನು ಕಂಡರೆ ಕಪ್ಪಿನವರು 'ಅಯ್ಯೋ, ಡ್ರಾ ಆಗುವ ಸ್ಥಾನ' ಎಂದು ಮುಖ ಸಪ್ಪೆ ಮಾಡುತ್ತಾರೆ. ನಮಗಂತೂ ಕಪ್ಪಿನ ಗೆಲುವಿಗೆ ಇದಕ್ಕಿಂತ ಸ್ಪಷ್ಟವಾದ ಯೋಜನೆ ಸಿಗುವ ಜಾಗ ಈ ಓಪನಿಂಗಿನಲ್ಲಿ ಬೇರೆ ಕಾಣದು. ಹಾಗಾಗಿ ಇದಕ್ಕೆ ಸ್ವಲ್ಪ ಹೊತ್ತು ಕೊಡೋಣ.

ಎಕ್ಸ್‌ಚೇಂಜ್: ಎರಡು ಪಾನ್ ಮೂರನ್ನು ಒಡೆಯುವುದು

ಸಾಮಾನ್ಯವಾಗಿ ಆಟ ಹೀಗೆ ಸಾಗುತ್ತದೆ: 4.ಒಂಟೆ-ಡಿ3 ಕುದುರೆ-ಸಿ6 5.ಸಿ3 ಕುದುರೆ-ಎಫ್6 6.ಒಂಟೆ-ಎಫ್4 ಒಂಟೆ-ಜಿ4 7.ರಾಣಿ-ಬಿ3 ರಾಣಿ-ಡಿ7 8.ಕುದುರೆ-ಡಿ2 ಇ6 9.ಕುದುರೆ-ಜಿಎಫ್3 ಒಂಟೆ×ಎಫ್3 10.ಕುದುರೆ×ಎಫ್3 ಒಂಟೆ-ಡಿ6 11.ಒಂಟೆ×ಡಿ6 ರಾಣಿ×ಡಿ6.

ಬಿಳಿಯ ಒಂಟೆ ಡಿ3ಕ್ಕೆ ಬಂದದ್ದೇ ನಿಮ್ಮ ಒಂಟೆ ಎಫ್5ಕ್ಕೆ ಬಾರದಿರಲೆಂದು. ಅದಕ್ಕೇ ನಿಮ್ಮದು ಜಿ4ಕ್ಕೆ ಹೋಗುತ್ತದೆ. ಬಿ3ರ ರಾಣಿ ಬಿ7 ಪಾನಿಗೆ ಕಣ್ಣು ಹಾಕಿರುವುದರಿಂದ ಏಳನೇ ನಡೆಯಲ್ಲಿ ರಾಣಿ-ಡಿ7. ಕೊನೆಗೆ ನಿಮ್ಮ ರಾಣಿ ಡಿ6ಕ್ಕೆ ಹೋದಾಗ ಬಿ7 ಬಿಟ್ಟುಕೊಟ್ಟ ಹಾಗೆ ಕಾಣುತ್ತದೆ. ಹೆದರಬೇಡಿ. 12.ರಾಣಿ×ಬಿ7 ಆನೆ-ಬಿ8 13.ರಾಣಿ-ಎ6 ಆನೆ×ಬಿ2. ಪಾನ್ ವಾಪಸ್ಸು ಬಂತು, ಆನೆ ಎರಡನೇ ಸಾಲಿನಲ್ಲಿ ಕೂತಿತು.

ಬಿಳಿ ಕ್ಯಾಸ್ಲಿಂಗ್ ಮಾಡಿದರೆ ನೀವೂ ಮಾಡಿ. ಆಮೇಲೆ ಎ8ರ ಆನೆಯನ್ನು ಬಿ8ಕ್ಕೆ ತನ್ನಿ. ಮುಂದಿನದು ಬಿ5, ಬಿ4. ರಾಣಿ ಕಡೆ ಬಿಳಿಗೆ ಎ, ಬಿ, ಸಿ ಸಾಲುಗಳಲ್ಲಿ ಮೂರು ಪಾನ್, ನಿಮಗೆ ಎ, ಬಿ ಎರಡೇ. ಕಡಿಮೆ ಇರುವವರು ಮುನ್ನುಗ್ಗಿ ಹೆಚ್ಚಿರುವವರ ಗೋಡೆ ಒಡೆಯುವ ಇದಕ್ಕೆ ಮೈನಾರಿಟಿ ಅಟ್ಯಾಕ್ ಎನ್ನುತ್ತಾರೆ. ಬಿ4ರ ಪಾನ್ ಸಿ3ರಲ್ಲಿ ಬದಲಾದಾಗ ಬಿಳಿಗೆ ಸಿ3ರಲ್ಲಿ ಹಿಂದುಳಿದ ಪಾನ್ ಉಳಿಯುತ್ತದೆ. ಅರೆತೆರೆದ ಸಿ ಸಾಲಿನಲ್ಲಿ ಆನೆ, ಎ5 ದಾರಿಯಾಗಿ ಸಿ4ಕ್ಕೆ ಕುದುರೆ. ಆ ಪಾನ್ ಆಟ ಮುಗಿಯುವವರೆಗೂ ಬಿಳಿಗೆ ತಲೆನೋವು.

ಇದು ಕೆಡುವುದು ಹೇಗೆ? ಅವಸರದಲ್ಲಿ. ನೀವು ಬಿ ಪಾನ್ ನೂಕುವಾಗ ಬಿಳಿ ಸುಮ್ಮನಿರುವುದಿಲ್ಲ. ಆನೆ ಇ1ಕ್ಕೆ, ಕುದುರೆ ಇ5ಕ್ಕೆ, ಎಫ್4, ಡಿ3ರ ಒಂಟೆಯ ಗುರಿ ಎಚ್7. ಇ5ರಲ್ಲಿ ಕುದುರೆ ಬೇರೂರಿತೆಂದರೆ ಮೊದಲು ಅದನ್ನು ನಿಮ್ಮ ಕುದುರೆಯಿಂದ ಬದಲಿಸಿ, ಆಮೇಲೆ ಬಿ4. ಬಿಳಿಯ ಕಾಯಿಗಳು ರಾಜನ ಕಡೆ ಕಡಿಮೆಯಾದಷ್ಟೂ ನಿಮ್ಮ ನಿಧಾನದ ಯೋಜನೆಗೆ ಬಲ. ಆನೆಗಳನ್ನು ಮಾತ್ರ ಎರಡನ್ನೂ ಬದಲಿಸಿಬಿಡಬೇಡಿ. ಸಿ3ರ ಮೇಲೆ ಒತ್ತಡ ಹಾಕಲು ಒಂದಾದರೂ ಬೇಕು.

ಪಾನೋವ್ ಅಂದರೆ 4.ಸಿ4 ಬಂದಾಗ ಯೋಜನೆ ಬೇರೆ. ಕುದುರೆ-ಎಫ್6, ಇ6, ಬಿಳಿಗೆ ಡಿ4ರಲ್ಲಿ ಒಂಟಿ ಪಾನ್ ಉಳಿದಾಗ ಡಿ5ರಲ್ಲಿ ಕುದುರೆ ಕೂರಿಸಿ, ಕಾಯಿ ಬದಲಿಸುತ್ತಾ ಎಂಡ್‌ಗೇಮ್ ಕಡೆಗೆ ನಡೆಯಿರಿ.

ಡಿ4ಕ್ಕೆ ಉತ್ತರ, ಅದರಲ್ಲೂ ಲಂಡನ್

1.ಡಿ4 ಡಿ5 2.ಸಿ4 ಸಿ6 3.ಕುದುರೆ-ಎಫ್3 ಕುದುರೆ-ಎಫ್6 4.ಕುದುರೆ-ಸಿ3 ಡಿ×ಸಿ4. ಬಿಳಿ 5.ಎ4 ಆಡಿದರೆ ಒಂಟೆ-ಎಫ್5, ಆಡದಿದ್ದರೆ ಬಿ5 ಇಟ್ಟು ಪಾನ್ ಉಳಿಸಿಕೊಳ್ಳಲು ನೋಡಬಹುದು. ಸ್ಲಾವ್‌ಗೆ ಇಷ್ಟರಿಂದ ಶುರುಮಾಡಿ. ವಾಸ್ತವದಲ್ಲಿ ಈಗಿನ ಓಪನ್ ಟೂರ್ನಿಗಳಲ್ಲಿ ಡಿ4 ಆಡುವ ಬಹುಪಾಲು ಹವ್ಯಾಸಿಗಳು ಎರಡನೇ ನಡೆಗೇ ಒಂಟೆಯನ್ನು ಎಫ್4ಕ್ಕೆ ಇಡುತ್ತಾರೆ, ಇದೇ ಲಂಡನ್. ಲಂಡನ್ ಆಡುವವರ ಬಲ ಅವರ ಅಭ್ಯಾಸ. ಎದುರಾಳಿ ಏನು ಮಾಡಿದರೂ ಅದೇ ಎಂಟು ನಡೆ. ಅದನ್ನು ಕದಡಬೇಕಾದರೆ ಬೇಗ ಸಿ5: 2...ಕುದುರೆ-ಎಫ್6 3.ಇ3 ಸಿ5 4.ಸಿ3 ಕುದುರೆ-ಸಿ6 5.ಕುದುರೆ-ಡಿ2 ಇ6 6.ಕುದುರೆ-ಜಿಎಫ್3 ಒಂಟೆ-ಡಿ6. ಅವರ ನೆಚ್ಚಿನ ಒಂಟೆಗೆ ಎದುರಾಗಿ ನಿಮ್ಮ ಒಂಟೆ ನಿಂತಿತು. 7.ಒಂಟೆ-ಜಿ3 ಎಂದು ಸರಿದರೆ ತಕ್ಷಣ ಹೊಡೆಯಬೇಡಿ. ಎಚ್ ಪಾನಿನಿಂದ ವಾಪಸ್ಸು ಹೊಡೆದಾಗ ಎಚ್ ಸಾಲು ತೆರೆಯುತ್ತದೆ, ಎಚ್1ರ ಆನೆ ಕೂತಲ್ಲಿಂದಲೇ ನಿಮ್ಮ ಎಚ್7ರ ಮೇಲೆ ಕಣ್ಣಿಡುತ್ತದೆ. ಬಿಳಿ ಕ್ಯಾಸ್ಲಿಂಗ್ ಮಾಡುವವರೆಗೆ ಕಾದು ಆಮೇಲೆ ಬದಲಿಸಿ.

ಹಿಂದಿನ ರಾತ್ರಿ ಮತ್ತು ಬೆಳಗ್ಗೆ

ಪೇರಿಂಗ್ ಚೆಸ್-ರಿಸಲ್ಟ್ಸ್ ತಾಣದಲ್ಲಿ ಬರುತ್ತದೆ. ಎಡಗಡೆಯ ಹೆಸರು ಬಿಳಿ, ಬಲಗಡೆಯದು ಕಪ್ಪು. ಎದುರಾಳಿಯ ಹಳೆಯ ಆಟಗಳು ಸಿಕ್ಕರೆ ಎರಡೇ ವಿಷಯ ನೋಡಿ: ಮೊದಲ ನಡೆ ಇ4 ಅಥವಾ ಡಿ4? ಬೇಗ ಡ್ರಾ ಒಪ್ಪುವವರೋ, ಎಳೆದು ಆಡುವವರೋ? ಅರ್ಧ ಗಂಟೆ ಸಾಕು. ರಾತ್ರಿ ಹನ್ನೊಂದಕ್ಕೆ ಹೊಸ ಓಪನಿಂಗ್ ಕಲಿತು ಬೆಳಗ್ಗೆ ಆಡಲು ಹೊರಟರೆ, ನಾಲ್ಕನೇ ನಡೆಗೆ ಎದುರಾಳಿ ಬೇರೆ ದಾರಿ ಹಿಡಿದಾಗ ಕೈಯಲ್ಲಿ ಏನೂ ಇರುವುದಿಲ್ಲ.

ಬೆಂಗಳೂರಿನಲ್ಲಿ ಆಟ ಸೋಲಲು ಇನ್ನೊಂದು ಸುಲಭ ದಾರಿ ತಡವಾಗಿ ತಲುಪುವುದು. ಎಷ್ಟು ನಿಮಿಷ ತಡವಾದರೆ ಸೋಲು ಎಂಬುದು ಟೂರ್ನಿಯ ಪ್ರಕಟಣೆಯಲ್ಲಿ ಇರುತ್ತದೆ, ಒಂದೊಂದು ಕಡೆ ಒಂದೊಂದು ಥರ. ಬನಶಂಕರಿಯಿಂದ ವೈಟ್‌ಫೀಲ್ಡ್ ಕಡೆ ಹೋಗುವವರಿಗೆ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್, ಅಲ್ಲಿಂದ ನೇರಳೆ ಮಾರ್ಗ ನಂಬಿಕೆಯ ದಾರಿ. ಆದರೆ ಭಾನುವಾರ ಮೆಟ್ರೋ ವಾರದ ದಿನಗಳಿಗಿಂತ ತಡವಾಗಿ ಶುರುವಾಗುತ್ತದೆ. ಒಂಬತ್ತು ಗಂಟೆಯ ಸುತ್ತಿಗೆ ಇದನ್ನು ಲೆಕ್ಕ ಹಾಕಿಕೊಳ್ಳಿ. ಫೋನು, ಸ್ಮಾರ್ಟ್‌ವಾಚ್ ಒಳಗೆ ಬೇಡ. ಆರ್ಬಿಟರ್ (ತೀರ್ಪುಗಾರ) ಒಪ್ಪಿದರೆ ಮಾತ್ರ ಪೂರ್ತಿ ಆಫ್ ಮಾಡಿ ಬ್ಯಾಗಿನಲ್ಲಿ. ಜೇಬಿನಲ್ಲಿ ಸಿಕ್ಕರೆ ಆಟವೇ ಹೋಗುತ್ತದೆ. ಎರಡು ಸುತ್ತುಗಳ ನಡುವೆ ಹೊಟ್ಟೆ ತುಂಬ ಬಿಸಿಬೇಳೆಬಾತ್ ತಿಂದು ಕೂತರೆ ಇಪ್ಪತ್ತನೇ ನಡೆಗೆ ಕಣ್ಣು ಎಳೆಯುತ್ತದೆ. ಬಾಳೆಹಣ್ಣು, ನೀರು, ಸ್ವಲ್ಪ ಮೊಸರನ್ನ ಸಾಕು.

ಬೋರ್ಡಿನ ಮುಂದೆ

ಆಟ ಶುರುವಾಗುವುದು ಬಿಳಿಯ ಗಡಿಯಾರ ಓಡಲು ತೊಡಗಿದಾಗ. ಸಾಮಾನ್ಯವಾಗಿ ಅದನ್ನು ಒತ್ತುವವರು ನೀವು. ಒತ್ತುವ ಮುಂಚೆ ನೋಡಬೇಕಾದ್ದು: ಬಲಗೈ ಮೂಲೆಯಲ್ಲಿ ಬಿಳಿ ಚೌಕ, ನಿಮ್ಮ ರಾಣಿ ಕಪ್ಪು ಚೌಕದಲ್ಲಿ, ಗಡಿಯಾರದಲ್ಲಿ ಸಮಯವೂ ಪ್ರತಿ ನಡೆಗೆ ಸೇರುವ ಇನ್‌ಕ್ರಿಮೆಂಟೂ ಸರಿಯಾಗಿವೆಯೇ.

ಕಪ್ಪು ಕಡೆ ಕೂತಾಗ ಎಡತುದಿ ಎಚ್ ಸಾಲು, ಬಲತುದಿ ಎ ಸಾಲು, ಹತ್ತಿರದ್ದು ಎಂಟನೇ ಅಡ್ಡಸಾಲು. ಹೊಸಬರು ಇ5 ಎಂದು ಬರೆಯಬೇಕಾದಲ್ಲಿ ಡಿ4 ಬರೆಯುವುದು ಇಲ್ಲೇ. ಸ್ಕೋರ್‌ಶೀಟ್ ಕೆಟ್ಟರೆ ಮೂರು ಸಲ ಒಂದೇ ಸ್ಥಾನ ಬಂದಿದೆ ಎಂದು ಆರ್ಬಿಟರ್ ಎದುರು ತೋರಿಸಲು ಆಧಾರವೇ ಇರುವುದಿಲ್ಲ. ಮನೆಯಲ್ಲಿ ಅಭ್ಯಾಸ ಮಾಡುವಾಗ ಮೊಬೈಲ್ ಬೋರ್ಡನ್ನು ತಿರುಗಿಸಿ, ಅಕ್ಷರ ಮರೆಮಾಡಿ ಆಡಿದರೆ ಹದಿನೈದು ದಿನದಲ್ಲಿ ಈ ಗೊಂದಲ ಹೋಗುತ್ತದೆ.

90 ನಿಮಿಷ ಮತ್ತು ನಡೆಗೆ 30 ಸೆಕೆಂಡಿನ ಆಟದಲ್ಲಿ ಒಂದು ಒರಟು ಅಳತೆ: ಮೊದಲ ಹತ್ತು ನಡೆ ಹತ್ತು ನಿಮಿಷದಲ್ಲಿ, ಇಪ್ಪತ್ತನೇ ನಡೆಗೆ 50 ನಿಮಿಷ ಉಳಿದಿರಬೇಕು, ಮೂವತ್ತಕ್ಕೆ 25. ಕಪ್ಪಿನಲ್ಲಿ ಬಹುತೇಕ ಸಮಯ ಹೋಗುವುದು ಹತ್ತರಿಂದ ಹದಿನೈದನೇ ನಡೆಯ ನಡುವೆ, ಪಾಠ ಮುಗಿದು ಸ್ವಂತ ಯೋಚನೆ ಶುರುವಾಗುವ ಜಾಗದಲ್ಲಿ. ಅಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಎದುರಾಳಿಯ ಯಾವ ಕಾಯಿ ಇನ್ನೂ ಮನೆಯಲ್ಲೇ ಕೂತಿದೆ?

ಗೆಲುವು ಎಲ್ಲಿಂದ ಬರುತ್ತದೆ

ಆ ಪ್ರಶ್ನೆಯ ಬೆಲೆ ತಿಳಿಯಲು 2013ರ ವೈಕ್ ಆನ್ ಝೀ ಟೂರ್ನಿಯಲ್ಲಿ ವಿಶ್ವನಾಥನ್ ಆನಂದ್ ಕಪ್ಪಿನಲ್ಲಿ ಲೆವೊನ್ ಅರೋನಿಯನ್ ವಿರುದ್ಧ ಆಡಿದ ಆಟವನ್ನು ಬೋರ್ಡಿನ ಮೇಲೆ ಇಟ್ಟು ನೋಡಿ. ಅಲ್ಲೂ ಡಿ5, ಸಿ6ರದೇ ಅಡಿಪಾಯ, ಸೆಮಿ-ಸ್ಲಾವ್. 12ನೇ ನಡೆಯಲ್ಲಿ ಬಿಳಿಯ ಕುದುರೆ ಜಿ5ಕ್ಕೆ ಬಂತು, 13ರಲ್ಲಿ ಎಚ್7ರ ಪಾನ್ ತಿಂದಿತು. ಆ ಹೊತ್ತಿಗೆ ಬಿಳಿಯ ಸಿ1ರ ಒಂಟೆ, ಎ1ರ ಆನೆ ಅಲುಗಾಡಿಯೇ ಇರಲಿಲ್ಲ. ಆನಂದ್ 12...ಸಿ5 ಎಂದು ನಡುವನ್ನು ತೆರೆದರು, 13...ಕುದುರೆ-ಜಿ4 ಎಂದು ರಾಜನತ್ತ ತಿರುಗಿದರು. 14.ಎಫ್4 ಸಿ×ಡಿ4 15.ಇ×ಡಿ4 ಒಂಟೆ-ಸಿ5! ಪಾನ್ ಹೊಡೆಯಬಹುದಾದ ಚೌಕಕ್ಕೆ ಒಂಟೆ. 16.ಒಂಟೆ-ಇ2 ಕುದುರೆ-ಡಿಇ5! ಮತ್ತೊಂದು ದಾನ. ಎಫ್ ಪಾನ್ ಆ ಕುದುರೆಯನ್ನು ಹೊಡೆದರೆ 17...ರಾಣಿ×ಡಿ4 ಚೆಕ್, 18.ರಾಜ-ಎಚ್1 ರಾಣಿ-ಜಿ1 ಚೆಕ್, 19.ಆನೆ×ಜಿ1 ಕುದುರೆ-ಎಫ್2 ಚೆಕ್‌ಮೇಟ್. ಅರೋನಿಯನ್ ಬೇರೆ ದಾರಿ ಹಿಡಿದರೂ 23ನೇ ನಡೆಗೆ ಆಟ ಬಿಟ್ಟುಕೊಟ್ಟರು.

ಇಂಥ ಬಲಿದಾನ ನಮ್ಮ ಕೈಯಲ್ಲಿ ಆಗಲಿಕ್ಕಿಲ್ಲ. ಆದರೆ ಅದರ ಕಾರಣ ನಮ್ಮ ಮಟ್ಟದಲ್ಲೂ ವಾರವಾರ ಸಿಗುತ್ತದೆ. ಮೊದಲ ನಡೆಯ ಹಕ್ಕಿದ್ದವರು ಅದನ್ನು ಬೇಗ ನಗದು ಮಾಡಿಕೊಳ್ಳಲು ಹೋಗಿ, ಅರ್ಧ ಸೈನ್ಯ ಮನೆಯಲ್ಲಿರುವಾಗಲೇ ಪಾನಿಗೋ ರಾಜನಿಗೋ ಕೈಹಾಕುತ್ತಾರೆ. ಹಾಗೆ ಹಾರಿ ಬಂದಾಗ ರಕ್ಷಣೆಗೆ ಕೂರುವುದು ತಪ್ಪು. ನಡುವಿನಲ್ಲಿ ಸಿ5 ಅಥವಾ ಇ5 ತಳ್ಳಿ ಸಾಲು ತೆರೆಯಬೇಕು. ಅದಕ್ಕೆ ಒಂದೇ ಷರತ್ತು, ನಿಮ್ಮ ರಾಜ ಮೊದಲೇ ಕ್ಯಾಸ್ಲಿಂಗ್ ಆಗಿರಬೇಕು.

ಇನ್ನೊಂದು ಬಗೆಯ ಗೆಲುವು 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನ 14ನೇ ಆಟದ್ದು. ಡಿಂಗ್ ಲಿರೆನ್ ಬಿಳಿ, ಡಿ. ಗುಕೇಶ್ ಕಪ್ಪು. ಡಿಂಗ್ ಕಾಯಿ ಬದಲಿಸುತ್ತಾ ಡ್ರಾ ಕಡೆಗೆ ನಡೆದರು. ಗುಕೇಶ್ ಕೈಯಲ್ಲಿ ಒಂದು ಹೆಚ್ಚುವರಿ ಪಾನ್, ಇಬ್ಬರಿಗೂ ಒಂದು ಆನೆ, ಒಂದು ಒಂಟೆ. ಡ್ರಾ ಆಗಬೇಕಾದ ಸ್ಥಾನವೇ. ಗುಕೇಶ್ ಆಡುತ್ತಲೇ ಇದ್ದರು. 55ನೇ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ತಂದು ಬದಲಾವಣೆಗೆ ಒಡ್ಡಿದರು. ಆನೆಗಳು ಹೋದವು, 56...ಒಂಟೆ-ಡಿ5 ಬಂತು. ಬಿಳಿಯ ಒಂಟೆ ಎ8ರ ಮೂಲೆಯಲ್ಲಿ ಇದ್ದುದರಿಂದ ತಪ್ಪಿಸಿಕೊಳ್ಳಲು ಚೌಕವಿರಲಿಲ್ಲ. ಒಂಟೆಗಳೂ ಹೋಗಿ ಉಳಿದ ರಾಜ-ಪಾನ್ ಆಟ ಸೋತದ್ದಾಗಿತ್ತು. 58 ನಡೆಗೆ 0-1.

ಇದರಿಂದ ಎತ್ತಿಕೊಳ್ಳಬೇಕಾದ ಕೆಲಸ: ಡ್ರಾ ಕೊಡಲು ಬಂದರೆ ಒಡನೆ ತಲೆಯಾಡಿಸಬೇಡಿ. ನಿಮಗೆ ಅಪಾಯವಿಲ್ಲದೆ ಒಂದು ಚಿಕ್ಕ ಲಾಭ ಇದ್ದರೆ ಆಡಿಸಿ. ಬಿಳಿ ಪ್ರತಿ ಸಲ ಬದಲಾವಣೆ ಕೇಳಿದಾಗ 'ಈ ಜೋಡಿ ಹೋದರೆ ಉಳಿದದ್ದು ಯಾರಿಗೆ ಒಳ್ಳೆಯದು' ಎಂದು ಲೆಕ್ಕ ಹಾಕಿ. ಕಡೆಗೆ ರಾಜ-ಪಾನ್ ಆಟ ಆಗುವಂತಿದ್ದರೆ ಆ ಲೆಕ್ಕವನ್ನು ಕೊನೆಯವರೆಗೆ ಎಣಿಸಿಯೇ ಬದಲಿಸಿ. ಆನೆ ಎಂಡ್‌ಗೇಮಿನಲ್ಲಿ ಒಂದು ಪಾನ್ ಕಡಿಮೆ ಬಿದ್ದರೆ ಫಿಲಿಡೋರ್ ಸ್ಥಾನ ಗೊತ್ತಿರಲಿ: ರಾಜ ಪಾನಿನ ಎದುರು, ಆನೆ ಆರನೇ ಅಡ್ಡಸಾಲಿನಲ್ಲಿ. ಪಾನ್ ಆರನೆಯದಕ್ಕೆ ಕಾಲಿಟ್ಟ ಕೂಡಲೇ ಆನೆಯನ್ನು ಒಂದನೇ ಸಾಲಿಗೆ ಇಳಿಸಿ ಹಿಂದಿನಿಂದ ಚೆಕ್ ಕೊಡುತ್ತಿರಿ.

ಗೆದ್ದ ಸ್ಥಾನವನ್ನು ಕೈಬಿಡದಿರಲು

ಗೆಲ್ಲುವ ಹೊತ್ತಿಗೆ ನಿಯಮದ ತಪ್ಪು ಜಾಸ್ತಿ. ನಿಮ್ಮ ಪಾನ್ ಒಂದನೇ ಅಡ್ಡಸಾಲಿಗೆ ಬಂದಾಗ ಪಕ್ಕದಲ್ಲಿ ಹೆಚ್ಚುವರಿ ರಾಣಿ ಇಲ್ಲದಿದ್ದರೆ ಆನೆಯನ್ನು ತಲೆಕೆಳಗಾಗಿ ಇಡಬೇಡಿ. ನಿಯಮದ ಪ್ರಕಾರ ಅದು ಆನೆಯೇ. ಗಡಿಯಾರ ನಿಲ್ಲಿಸಿ ಆರ್ಬಿಟರ್ ಬಳಿ ರಾಣಿ ಕೇಳಿ. ಪಾನನ್ನು ಹಾಗೇ ಬಿಟ್ಟು ಗಡಿಯಾರ ಒತ್ತಿದರೆ ಅದು ಅಕ್ರಮ ನಡೆ, ಎದುರಾಳಿಗೆ ಎರಡು ನಿಮಿಷ ಸೇರುತ್ತದೆ. ಎರಡನೇ ಸಲ ಆದರೆ ಸೋಲು. ಇನ್‌ಕ್ರಿಮೆಂಟ್ 30 ಸೆಕೆಂಡ್ ಇದ್ದರೆ ಸಮಯ ಐದು ನಿಮಿಷಕ್ಕಿಂತ ಕಡಿಮೆಯಾದರೂ ನಡೆ ಬರೆಯುವುದನ್ನು ನಿಲ್ಲಿಸುವಂತಿಲ್ಲ. ಎದುರಾಳಿಗೆ ರಾಜ ಒಂದೇ ಉಳಿದಾಗ ಪ್ರತಿ ನಡೆಗೂ ಮುಂಚೆ ಅದಕ್ಕೆ ಹೋಗಲು ಚೌಕ ಇದೆಯೇ ನೋಡಿ. ಒಂಬತ್ತನೇ ಸುತ್ತಿನಲ್ಲಿ ರಾಣಿ ಹೆಚ್ಚಿದ್ದೂ ಸ್ಟೇಲ್‌ಮೇಟ್ (ಚೆಕ್ ಇಲ್ಲ, ಆಡಲು ನಡೆಯೂ ಇಲ್ಲ, ಹಾಗಾಗಿ ಡ್ರಾ) ಮಾಡಿಕೊಂಡವರು ಪ್ರತಿ ಟೂರ್ನಿಯಲ್ಲೂ ಒಬ್ಬರಾದರೂ ಇರುತ್ತಾರೆ.

ಆಟ ಮುಗಿದಾಗ ಸ್ಕೋರ್‌ಶೀಟಿನಲ್ಲಿ ಫಲಿತಾಂಶ 0-1 ಎಂದು ಬರೆಯಿರಿ. ಗೆದ್ದ ಖುಷಿಯಲ್ಲಿ 1-0 ಬರೆದು, ಸೋತ ಬೇಸರದಲ್ಲಿ ಎದುರಾಳಿಯೂ ನೋಡದೆ ಸಹಿ ಹಾಕಿದರೆ ಬಿಳಿಗೆ ಅಂಕ ಹೋಗುತ್ತದೆ. ಇಬ್ಬರ ಸಹಿಯೂ ಆದಮೇಲೆ ಹಾಳೆಯನ್ನು ಆರ್ಬಿಟರ್ ಕೈಗೇ ಕೊಡಿ, ಮುಂದಿನ ಸುತ್ತಿನ ಪೇರಿಂಗ್ ಹೊರಬೀಳುವ ಮುಂಚೆ ನಿಮ್ಮ ಬೋರ್ಡಿನ ಫಲಿತಾಂಶ ಸರಿಯಾಗಿ ಏರಿದೆಯೇ ಒಮ್ಮೆ ನೋಡಿ. ತಪ್ಪು ಕಂಡರೆ ಆಗಲೇ ಹೇಳಿ. ಪೇರಿಂಗ್ ಆಗಿಹೋದಮೇಲೆ ತಿದ್ದುಪಡಿ ತೊಡಕಾಗುತ್ತದೆ. ಕಾರ್ಬನ್ ಪ್ರತಿಯನ್ನು ಮನೆಗೆ ತನ್ನಿ, ಎಂಜಿನ್ ಹಾಕುವ ಮೊದಲು ನೀವು ಹೆಚ್ಚು ಸಮಯ ಕಳೆದ ಮೂರು ನಡೆಗಳ ಪಕ್ಕ ಆಗ ಏನು ಯೋಚಿಸಿದ್ದಿರಿ ಎಂದು ಪೆನ್ಸಿಲಿನಲ್ಲಿ ಬರೆದಿಡಿ.